ಕೈಗೆ ತಕ್ಕ ಗಿಟಾರ್

ಈದ್‌ಗೆ ಎರಡು ದಿನ ಮೊದಲು ರಾಬರ್ಟ್‌ಸನ್‌ಪೇಟೆಯ ಬಳೆ ಅಂಗಡಿಗೆ ಹೋಗುವುದೆಂದರೆ ನನ್ನ ತಂಗಿಗೆ ಹಬ್ಬ, ನನಗೆ ಪರೀಕ್ಷೆ. ಅವಳದು 2-4. ಅಂಗಡಿಯವರು ಕೈ ನೋಡಿದ ತಕ್ಷಣ ತೆಗೆದುಕೊಡುತ್ತಾರೆ. ನನ್ನ ಸರದಿ ಬಂದಾಗ ಮೊದಲು 2-8 ಹಾಕಿ ನೋಡುತ್ತಾರೆ, ಆಮೇಲೆ 2-10. ಕೈಗೆ ಸೋಪು ಹಚ್ಚಿ, ಹೆಬ್ಬೆರಳು ಮಡಿಸಿ ಒತ್ತುತ್ತಾರೆ. ಎರಡು ಬಳೆ ಒಡೆದ ಮೇಲೆ "ಈ ಸೈಜ್ ನಮ್ಮಲ್ಲಿ ಬರಲ್ಲಮ್ಮ" ಅನ್ನುತ್ತಾರೆ. ಒಮ್ಮೆ ಪಕ್ಕದಲ್ಲಿದ್ದ ಹೆಂಗಸೊಬ್ಬರು "ಗಂಡು ಹುಡುಗರ ಕೈ ಇದ್ದ ಹಾಗಿದೆ" ಎಂದು ನಕ್ಕರು. ಅಂದಿನಿಂದ ನಾಲ್ಕು ಜನರ ಮುಂದೆ ದುಪಟ್ಟಾದ ಕೆಳಗೆ ಕೈ ಇಟ್ಟುಕೊಳ್ಳುವುದು ನನಗೆ ಅಭ್ಯಾಸವಾಗಿಹೋಯಿತು.

2-8 ಎಂದರೆ ಎರಡು ಇಂಚು ಮತ್ತು ಇಂಚಿನ ಹದಿನಾರು ಭಾಗದಲ್ಲಿ ಎಂಟು ಭಾಗ, ಅಂದರೆ ಬಳೆಯ ಒಳಗಿನ ಅಗಲ ಎರಡೂವರೆ ಇಂಚು. ಇದು ನನಗೆ ಗೊತ್ತಾದದ್ದು ಇತ್ತೀಚೆಗೆ, ಗಿಟಾರ್ ಕೊಳ್ಳಲು ಹೊರಟು ಎಲ್ಲವನ್ನೂ ಅಳೆಯುವ ಹುಚ್ಚು ಹಿಡಿದಾಗ.

ನಮ್ಮ ಮನೆ ಇರುವುದು ಕೋರಮಂಡಲ್‌ನಲ್ಲಿ. ಮನೆಯೊಳಗೆ ಉರ್ದು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಭಾನುವಾರ ಬೆಳಿಗ್ಗೆ ಚರ್ಚಿನ ಕಡೆಯಿಂದ ಗಿಟಾರ್ ಸದ್ದು ಕೇಳುತ್ತಾ ಬೆಳೆದವಳು ನಾನು. ಅಲ್ಲಿ ಗಿಟಾರ್ ನುಡಿಸುವ ಮಿಸ್ ನಮ್ಮ ಅಮ್ಮಿಗೆ ಪರಿಚಯ. ಶನಿವಾರ ಸಂಜೆ ತಮ್ಮ ಮನೆಯ ವರಾಂಡದಲ್ಲಿ ನಾಲ್ಕೈದು ಮಕ್ಕಳಿಗೆ ಕಲಿಸುತ್ತಾರೆ. ಮೊದಲ ಪಿಯುಸಿ ರಜೆಯಲ್ಲಿ ನಾನೂ ಹೋಗತೊಡಗಿದೆ.

ದಾದಿಗೆ ಇದು ಇಷ್ಟವಿರಲಿಲ್ಲ. "ಗಾನಾ ಬಜಾನಾ ಹಮಾರೇ ಘರ್ ಮೇಂ ನಹೀಂ" ಎಂದರು. ಗಿಟಾರ್ ಎಂಬ ಮಾತು ಸ್ಪೇನಿನವರಿಗೆ ಅರಬಿಯ 'ಖಿತಾರಾ'ದಿಂದ ಬಂದದ್ದು ಎಂದು ನಾನು ವಾದ ಮಾಡಿ ನೋಡಿದೆ. ಅವರು ಜಗ್ಗಲಿಲ್ಲ. ಅಬ್ಬಾ ಮಾತ್ರ ಎರಡು ಷರತ್ತು ಹಾಕಿ ಒಪ್ಪಿದರು. ಅಜಾನ್ ಕೇಳಿದರೆ ತಂತಿಯಿಂದ ಕೈ ತೆಗೆಯಬೇಕು. ಅಕೌಂಟೆನ್ಸಿಯಲ್ಲಿ ಅಂಕ ಕಡಿಮೆಯಾಗಬಾರದು.

ಕಷ್ಟ ಬಂದದ್ದು ಇನ್ನೊಂದು ಕಡೆಯಿಂದ. ಎ ಮೇಜರ್ ಎಂಬ ಕಾರ್ಡ್ ಹಿಡಿಯಲು ಒಂದೇ ಫ್ರೆಟ್‌ನಲ್ಲಿ ಮೂರು ಬೆರಳು ಇಡಬೇಕು. ಅಷ್ಟು ಜಾಗದಲ್ಲಿ ನನ್ನ ಬೆರಳುಗಳು ಒಂದರ ಮೇಲೊಂದು ಏರುತ್ತಿದ್ದವು. ಮೂರನೆಯ ಬೆರಳು ಪಕ್ಕದ ತಂತಿಯನ್ನೂ ಮುಟ್ಟಿ, ಅದು 'ಟಪ್' ಎಂದು ಸಾಯುತ್ತಿತ್ತು. ಎಂಟನೇ ತರಗತಿಯ ಹುಡುಗನೊಬ್ಬ ಎರಡು ವಾರದಲ್ಲಿ ಕಲಿತದ್ದು ನನಗೆ ಎರಡು ತಿಂಗಳಾದರೂ ಬರಲಿಲ್ಲ. ಮತ್ತೆ ಅದೇ ಬಳೆ ಅಂಗಡಿ ಎನಿಸಿತು. "ಮಿಸ್, ನನ್ನ ಕೈಯೇ ಸರಿಯಿಲ್ಲ, ಬಿಟ್ಟುಬಿಡ್ತೀನಿ" ಎಂದೆ.

ಮಿಸ್ ಆಗ ಜಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನ ಕಥೆ ಹೇಳಿದರು. 1928ರಲ್ಲಿ ಅವನು ವಾಸವಿದ್ದ ಬಂಡಿಗೆ ಬೆಂಕಿ ಬಿದ್ದು ಎಡಗೈ ಸುಟ್ಟಿತು, ಎರಡು ಬೆರಳು ಮುದುಡಿಹೋದವು. ಉಳಿದ ಎರಡೇ ಬೆರಳಿನಲ್ಲಿ ನುಡಿಸುವ ದಾರಿಯನ್ನು ಅವನು ತಾನೇ ಹುಡುಕಿಕೊಂಡ. ಆಮೇಲೆ ಮಿಸ್ ತಮ್ಮ ಗಿಟಾರಿನ ನೆಕ್ ತೋರಿಸಿ, "ಇದು ನನ್ನ ಕೈಗೆ ತಗೊಂಡಿದ್ದು ಕಣಮ್ಮ, ನಿನ್ನ ಕೈಗಲ್ಲ" ಎಂದರು.

ಆ ರಾತ್ರಿಯಿಂದಲೇ ಅಳತೆ ಶುರುವಾಯಿತು. ಗಿಟಾರಿನ ತಲೆಯ ಹತ್ತಿರ ತಂತಿಗಳು ಹಾದು ಬರುವ ಸಣ್ಣ ಪಟ್ಟಿಗೆ ನಟ್ ಎನ್ನುತ್ತಾರೆ. ನೆಕ್ ಎಷ್ಟು ಅಗಲ ಎಂದು ಹೇಳುವುದು ಅದೇ. ಹೊಸದಾಗಿ ಕಲಿಯುವವರು ಹೆಚ್ಚಾಗಿ ಕೊಳ್ಳುವ ಯಮಹಾ ಎಫ್310ರಂಥ ಉಕ್ಕಿನ ತಂತಿಯ ಗಿಟಾರಿನಲ್ಲಿ ಇದು 43 ಮಿ.ಮೀ. ಕೆಲವು ಉಕ್ಕಿನ ತಂತಿಯ ಗಿಟಾರುಗಳಲ್ಲಿ ಒಂದೂಮುಕ್ಕಾಲು ಇಂಚು, ಅಂದರೆ ಸುಮಾರು 44.5 ಮಿ.ಮೀ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ, ಉದಾಹರಣೆಗೆ ಯಮಹಾ ಸಿ40ಯಲ್ಲಿ, 52 ಮಿ.ಮೀ. ಕೇಳಲು ಸಣ್ಣ ವ್ಯತ್ಯಾಸ. ಆದರೆ 43ರಲ್ಲಿ ಒಂದು ತಂತಿಯಿಂದ ಇನ್ನೊಂದಕ್ಕೆ ಸುಮಾರು 7 ಮಿ.ಮೀ. ಅಂತರ ಸಿಕ್ಕರೆ, 52ರಲ್ಲಿ ಸುಮಾರು ಎಂಟೂವರೆ ಸಿಗುತ್ತದೆ. ನನ್ನಂಥ ದಪ್ಪ ತುದಿಯ ಬೆರಳಿಗೆ ಆ ಒಂದೂವರೆ ಮಿಲಿಮೀಟರೇ ದೊಡ್ಡದು.

ನೆಕ್ ಎಷ್ಟು ದಪ್ಪ ಇರಬೇಕು ಎಂಬುದನ್ನು ಹೇಳಿಕೊಟ್ಟವರು ದಾದಾ. ಅವರಿಗೆ ಗಿಟಾರ್ ಗೊತ್ತಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೂ ಅವರು ನೆಲದಡಿಯಲ್ಲಿ ಮರದ ಆಸರೆ ಕಟ್ಟುವ ಕೆಲಸ ಮಾಡಿದವರು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಅಲ್ಲಿಗೆ ಇಳಿದು ಸುತ್ತಿಗೆ ಹಿಡಿದ ಕೈ ಅವರದು. ನನ್ನ ಕೈ ಯಾರಿಂದ ಬಂತು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ನಾವಿಬ್ಬರೂ ಅಂಗೈಗೆ ಅಂಗೈ ಇಟ್ಟರೆ ನನ್ನದು ಒಂದು ಉಗುರಿನಷ್ಟು ಮಾತ್ರ ಚಿಕ್ಕದು.

"ತೆಳ್ಳಗಿನ ಕಾವು ನೋಡೋಕೆ ಚಂದ. ಆದರೆ ದೊಡ್ಡ ಕೈ ಅದನ್ನ ಗಟ್ಟಿಯಾಗಿ ಅದುಮಬೇಕಾಗ್ತದೆ, ಅರ್ಧ ಗಂಟೆಗೆ ಹೆಬ್ಬೆರಳಿನ ಬುಡ ನೋಯ್ತದೆ. ಕಾವು ಅಂಗೈ ತುಂಬಬೇಕು, ಆಗ ಕೈ ಸಡಿಲ ಇರ್ತದೆ" ಎಂದರು. ಕೊನೆಗೆ ನಮ್ಮ ದಖ್ಖನಿಯಲ್ಲಿ, "ಹಾತ್ ದೇಖ್ ಕೋ ದಸ್ತಾ ಲೇನಾ" ಎಂದರು. ಕೈ ನೋಡಿ ಹಿಡಿ ತಗೋಬೇಕು. ಸುತ್ತಿಗೆಯ ಹಿಡಿಗೆ ನಾವು ದಸ್ತಾ ಎನ್ನುತ್ತೇವೆ. ಫಾರ್ಸಿಯಲ್ಲಿ ದಸ್ತ್ ಎಂದರೆ ಕೈ. ಮಿಸ್ ಮನೆಯಲ್ಲಿ ನನ್ನ ಹೆಬ್ಬೆರಳು ಯಾಕೆ ಅಷ್ಟು ನೋಯುತ್ತಿತ್ತು ಎಂದು ಆಗ ಅರ್ಥವಾಯಿತು.

ಏಳನೇ ತರಗತಿಯ ಮಕ್ಕಳಿಗೆ ಟ್ಯೂಷನ್ ಹೇಳಿ ತಿಂಗಳಿಗೆ 700 ರೂಪಾಯಿಯಂತೆ ಒಂದು ವರ್ಷದಲ್ಲಿ 8,400 ಕೂಡಿಸಿದ್ದೆ. ಈದಿಯ 2,000 ಸೇರಿ 10,400. ಒಂದು ಶನಿವಾರ ಕೋರಮಂಡಲ್ ಸ್ಟೇಷನ್ನಿನಲ್ಲಿ ಅಬ್ಬಾ ಜೊತೆ ಬೆಂಗಳೂರಿನ ರೈಲು ಹತ್ತಿದೆ. ಕೆಲಸಕ್ಕೆಂದು ದಿನವೂ ಆ ರೈಲಿನಲ್ಲಿ ನಿಂತು ಹೋಗುವ ಅಬ್ಬಾ, ಅವತ್ತು ನನಗಾಗಿ ರಜೆ ಹಾಕಿದ್ದರು.

ಅಂಗಡಿಯ ಹುಡುಗ ನನ್ನ ಕಡೆ ನೋಡಲೇ ಇಲ್ಲ. ಅಬ್ಬಾಗೆ, "ಮಗಳಿಗಾ ಸರ್? ಲೇಡೀಸ್‌ಗೆ ಈ ಚಿಕ್ಕದೇ ಸರಿ" ಎಂದು ಮಕ್ಕಳು ನುಡಿಸುವ ಮುಕ್ಕಾಲು ಸೈಜಿನ ಗಿಟಾರ್ ತೆಗೆದ. ನಾನು ಎಂದಿನಂತೆ ಕೈಯನ್ನು ದುಪಟ್ಟಾದೊಳಗೆ ಎಳೆದುಕೊಂಡೆ. ಅಬ್ಬಾ ಹೇಳಿದರು: "ಅವಳ ಕೈ ನೋಡಿ ಕೊಡಪ್ಪ. ನಮ್ಮ ತಂದೆಯ ಕೈ ಅದು." ಅವರ ದನಿಯಲ್ಲಿ ನಾಚಿಕೆ ಇರಲಿಲ್ಲ. ನಾನು ಕೈ ಹೊರಗೆ ತೆಗೆದು ಗಾಜಿನ ಮೇಜಿನ ಮೇಲಿಟ್ಟೆ. ಬ್ಯಾಗಿನಿಂದ ಸ್ಕೇಲನ್ನೂ ತೆಗೆದೆ.

ಎರಡು ಗಂಟೆಯಲ್ಲಿ ಏಳು ಗಿಟಾರ್ ನೋಡಿದೆ. ಪ್ರತಿಯೊಂದರಲ್ಲೂ ಮಾಡಿದ್ದು ಇಷ್ಟೇ. ನಟ್ ಅಳೆದೆ. ಎ ಮೇಜರ್ ಹಿಡಿದು ಒಂದೊಂದೇ ತಂತಿ ಮೀಟಿ, ಯಾವುದು ಸಾಯುತ್ತದೆ ಎಂದು ಕೇಳಿದೆ. ಕುಳಿತು ಹತ್ತು ನಿಮಿಷ ಹಿಡಿದು, ಹೆಬ್ಬೆರಳಿನ ಬುಡ ಏನು ಹೇಳುತ್ತದೆ ಎಂದು ನೋಡಿದೆ. ಮಿಸ್ ಇನ್ನೊಂದು ಮಾತು ಹೇಳಿ ಕಳಿಸಿದ್ದರು: ತಂತಿ ಎತ್ತರವಾಗಿದ್ದರೆ ಆಮೇಲೆ ಇಳಿಸಬಹುದು, ನೆಕ್ ಕಿರಿದಾಗಿದ್ದರೆ ಆಮೇಲೆ ಏನೂ ಮಾಡಲಾಗದು.

ಮೂರು ಉಳಿದವು. 43ರದು ಅಗ್ಗ, ಆದರೆ ಹಳೆಯ ಕಥೆಯೇ. 44.5ರದು ಹಿಡಿದ ಕೂಡಲೇ ಇಷ್ಟವಾಯಿತು. ಚರ್ಚಿನಿಂದ ಕೇಳುತ್ತಿದ್ದ ಅದೇ ಗಣಗಣ ಸದ್ದು, ತಂತಿಗಳೂ ಹೆಚ್ಚುಕಡಿಮೆ ಸ್ವಚ್ಛ. ಬೆಲೆ 14,500. ಮೂರನೆಯದು 52ರ ನೈಲಾನ್ ತಂತಿಯದು, 9,000. ಎ ಮೇಜರ್‌ನ ಪ್ರತಿ ತಂತಿಯೂ ಉಳಿಯಿತು, ನೆಕ್ ಅಂಗೈ ತುಂಬಿತು. ಆದರೆ ಸದ್ದು ಮೆತ್ತಗೆ, ನಾನು ಬಯಸಿದ ಸದ್ದಲ್ಲ.

ಅಬ್ಬಾ ನನ್ನ ಮುಖ ನೋಡಿ, "ಉಳಿದದ್ದು ನಾನು ಹಾಕ್ತೀನಿ" ಎಂದರು. ಅವಕಾಶ ವೆಚ್ಚ ಎಂಬ ಪಾಠವನ್ನು ಅರ್ಥಶಾಸ್ತ್ರದಲ್ಲಿ ನಾವೆಲ್ಲ ಓದಿದ್ದೇವೆ: ಒಂದನ್ನು ಆರಿಸಿಕೊಂಡಾಗ ಬಿಟ್ಟುಕೊಡುವ ಇನ್ನೊಂದರ ಬೆಲೆ. ಆ 4,100 ರೂಪಾಯಿ ಎಂದರೆ ದಾದಾ ಅವರ ಉಸಿರಾಟದ ಔಷಧಿ ಎಂದು ನನಗೆ ಗೊತ್ತಿತ್ತು. ನೈಲಾನ್ ತಂತಿಯದನ್ನೇ ತೆಗೆದುಕೊಂಡೆ. ಬ್ಯಾಗಿಗೆ 600 ಕೊಟ್ಟ ಮೇಲೆ 800 ಉಳಿಯಿತು.

ಆ ಇನ್ನೊಂದು ಸದ್ದು ನೆನಪಾಗುವುದಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಇದಕ್ಕೇ ಉಕ್ಕಿನ ತಂತಿ ಹಾಕಿದರೆ ಹೇಗೆ ಎಂದು ಮಿಸ್‌ರನ್ನು ಕೇಳಿದ್ದೂ ಉಂಟು. ಅವರು ಗಾಬರಿಯಾದರು. ಉಕ್ಕಿನ ತಂತಿಯ ಎಳೆತ ಹೆಚ್ಚು, ಈ ಗಿಟಾರ್ ಅದನ್ನು ತಡೆಯುವುದಿಲ್ಲ, ಬ್ರಿಡ್ಜ್ ಕಿತ್ತು ಬರಬಹುದಂತೆ. ಅಗಲ ನೆಕ್‌ನಲ್ಲಿ ಎಫ್ ಕಾರ್ಡಿಗೆ ತೋರುಬೆರಳನ್ನು ಅಡ್ಡ ಒತ್ತುವುದೂ ಕಷ್ಟವೇ, ಇನ್ನೂ ಬಂದಿಲ್ಲ. ಆದರೆ ಎ ಮೇಜರ್ ನಾಲ್ಕನೇ ದಿನಕ್ಕೇ ಬಂತು. ದಾದಿ ಈಗಲೂ ನಾನು ಕುಳಿತ ತಕ್ಷಣ ತಮ್ಮ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ನೈಲಾನ್ ತಂತಿಗೆ ಸದ್ದು ಕಡಿಮೆ, ಬಾಗಿಲು ದಾಟುವುದಿಲ್ಲ. ಜಗಳವೂ ಕಡಿಮೆ.

ದಾದಾ ಒಮ್ಮೆ ಅದನ್ನು ಕೈಗೆ ತೆಗೆದುಕೊಂಡು, ಸುತ್ತಿಗೆ ಹಿಡಿದಂತೆ ನೆಕ್ ಹಿಡಿದು, ತೂಗಿ ನೋಡಿ, "ಠೀಕ್ ಹೈ" ಎಂದು ವಾಪಸ್ ಕೊಟ್ಟರು.

ಈ ಸಲ ಈದ್‌ಗೆ ಅಂಗಡಿಯಲ್ಲಿ ನಾನೇ ಮೊದಲು ಹೇಳಿದೆ, "2-12 ಬೇಕು. ಇಲ್ಲದಿದ್ದರೆ ತರಿಸಿಕೊಡಿ." ಒಂದು ವಾರದ ನಂತರ ಬಂತು, ಹಬ್ಬ ಕಳೆದ ಮೇಲೆ. ಸೋಪು ಬೇಕಾಗಲಿಲ್ಲ.

ನಮ್ಮ ಕಾಲೇಜಿನಲ್ಲಿ ಯಾರಾದರೂ ಗಿಟಾರ್ ಕೊಳ್ಳುವವರಿದ್ದರೆ ಕಾಮರ್ಸ್ ವಿಭಾಗದಲ್ಲಿ ನನ್ನನ್ನು ಕೇಳಿ. ಕೈ ಚಿಕ್ಕದಿರಲಿ, ದೊಡ್ಡದಿರಲಿ, ನನ್ನ ಸ್ಕೇಲ್ ಕೊಡುತ್ತೇನೆ. ಅಳೆದು ವಾಪಸ್ ಕೊಟ್ಟರಾಯಿತು.