ಅಮೃತಶಿಲೆಯ ಮೇಜು

ಕಳೆದ ದೀಪಾವಳಿಗೆ ಒಂದು ವಾರ ಮುಂಚೆ ಬಟ್ಟೆಬರೆ ಕೊಳ್ಳುವ ಸಲುವಾಗಿ ಕೊಯಮತ್ತೂರಿನ ಒಪ್ಪಣಕ್ಕಾರ ಬೀದಿಗೆ ಹೋಗಿದ್ದೆವು. ಜನಸಂದಣಿಯಲ್ಲಿ ಹೆಜ್ಜೆ ಹಾಕುತ್ತಿದ್ದ ನಮ್ಮ ಕಾಲುಗಳು ಒಂದು ಒಡವೆ ಅಂಗಡಿಯ ಮುಂದೆ ತಾವಾಗಿಯೇ ನಿಂತವು. ಒಡವೆ ಕೊಳ್ಳುವ ವಯಸ್ಸೂ ನಮ್ಮದಲ್ಲ, ಶಕ್ತಿಯೂ ಇಲ್ಲ. ಸಮವಸ್ತ್ರದ ಕಾವಲುಗಾರ ಸಲಾಮು ಮಾಡಿ ಗಾಜಿನ ಬಾಗಿಲನ್ನು ತೆರೆದು ಹಿಡಿದ. ಒಳಗಿನಿಂದ ತಣ್ಣನೆಯ ಗಾಳಿ ಬಂದಿತು. ನಮ್ಮ ಮೂಗು ಮಾತ್ರ ಆ ಗಾಳಿಯಲ್ಲಿ ಹುರಿದ ಕಾಫಿಬೀಜದ ವಾಸನೆಯನ್ನು ಹುಡುಕುತ್ತಿತ್ತು. "ಏನು ಬೇಕು, ಅಯ್ಯಾ?" ಎಂದು ಆತ ತಮಿಳಿನಲ್ಲಿ ಕೇಳಿದ. ಏನೂ ಇಲ್ಲವೆಂದು ಹೇಳಿ ಮುಂದೆ ನಡೆದೆವು.

ಈಗ ಬಂಗಾರದ ಸರಗಳು ತೂಗಾಡುವ ಆ ಜಾಗದಲ್ಲಿ 1998ರವರೆಗೆ ಒಂದು ಉಡುಪಿ ಹೋಟೆಲು ಇದ್ದಿತು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮುಂದೆ ಹೇಳಬೇಕಾದ ಒಂದು ಸಂಗತಿ ಆ ಹೆಸರಿಗೆ ಶೋಭೆ ತರುವಂಥದಲ್ಲ. ಬೀದಿಯಿಂದ ಎರಡು ಮೆಟ್ಟಿಲು ಹತ್ತಿದರೆ ಎಡಗಡೆಗೆ ಗಲ್ಲಾಪೆಟ್ಟಿಗೆ, ಅದರ ಹಿಂದಿನ ಗೋಡೆಯಲ್ಲಿ ಕಡಗೋಲು ಹಿಡಿದ ಕೃಷ್ಣನ ಪಟ, ಪಟಕ್ಕೆ ದಿನವೂ ಹೊಸ ಮಲ್ಲಿಗೆ ದಂಡೆ. ಒಳಗೆ ಅಂಚು ಸವೆದ ಅಮೃತಶಿಲೆಯ ಮೇಜುಗಳು, ಮರದ ಕುರ್ಚಿಗಳು, ರಸ ಉದುರಿದ ಉದ್ದನೆಯ ಕನ್ನಡಿಗಳು. ಅಡಿಗೆಮನೆಯಲ್ಲಿ ತುಳು, ಗಲ್ಲೆಯಲ್ಲಿ ಕನ್ನಡ, ಮೇಜುಗಳ ನಡುವೆ ತಮಿಳು. ಬಡಿಸುವವನು ಆರು ಜನರ ತಿಂಡಿಯ ಲೆಕ್ಕವನ್ನು ಎಲ್ಲಿಯೂ ಬರೆದುಕೊಳ್ಳದೆ ಮನಸ್ಸಿನಲ್ಲಿಯೇ ಕೂಡಿ, ಅವರು ಕೈತೊಳೆದು ಬರುವಷ್ಟರಲ್ಲಿ ಗಲ್ಲೆಯ ಕಡೆಗೆ ಮೊತ್ತವನ್ನು ಕೂಗಿ ಹೇಳುತ್ತಿದ್ದ. ಅದು ತಪ್ಪಿದ್ದನ್ನು ನಾವು ಒಮ್ಮೆಯೂ ಕಾಣಲಿಲ್ಲ.

ಕಾಫಿಯ ಮಾತನ್ನು ಹೇಳದೆ ಮುಂದೆ ಹೋಗಲಾಗದು. ಬೆಳಗಿನ ಜಾವವೇ ಬಟ್ಟೆಯ ಸೋಸಣಿಗೆಯಲ್ಲಿ ಪುಡಿ ತುಂಬಿ, ಬಿಸಿನೀರು ಹೊಯ್ದು, ಮೊದಲ ಡಿಕಾಕ್ಷನ್ನನ್ನು ಬೇರೆಯಾಗಿ ತೆಗೆದಿಡುತ್ತಿದ್ದರು. ನಾಲ್ಕು ಗಂಟೆಗೆ ಬಾಗಿಲು ತೆರೆಯುವಾಗ ಬರುವ ಗಿರಾಕಿಗಳಿಗೆ ಅದು ಮೀಸಲು. ಹತ್ತು ಗಂಟೆಯ ಮೇಲೆ ಬರುವವರಿಗೆ ಎರಡನೆಯದು ಬೆರೆತೇ ಇರುತ್ತಿತ್ತು. ಬಲ್ಲವರು ಆ ಹೊತ್ತಿಗೆ ಬರುತ್ತಿರಲಿಲ್ಲ. ಹಾಲಿಗೆ ನೀರು ಸೇರಿಲ್ಲವೆಂದು ಮಾಪಕವಿಟ್ಟು ನೋಡಿದ ಹಾಲಿನ ಕಾಫಿಗೆ ಡಿಗ್ರಿ ಕಾಫಿ ಎಂಬ ಬಿರುದು. ಸಿರುವಾಣಿಯ ನೀರಿನಲ್ಲಿ ಮಾಡಿದ ಕಾಫಿಗೆ ಬೇರೆ ಊರಿನ ಕಾಫಿ ಸಮನಲ್ಲವೆಂದು ಕೊಯಮತ್ತೂರಿನವರ ಅಭಿಮಾನ. ನಾವು ಬೇರೆ ಊರುಗಳಲ್ಲಿ ವರ್ಷಗಟ್ಟಲೆ ಇದ್ದು ಬಂದವರು. ಈ ವಿಷಯದಲ್ಲಿ ಊರಿನವರ ಪಕ್ಷವೇ ನಮ್ಮದೂ.

ಈ ಊರಿನಲ್ಲಿ ಮೊದಲ ನೂಲಿನ ಗಿರಣಿ ಹುಟ್ಟಿದ್ದು 1888ರಲ್ಲಿ. 1930ರ ದಶಕದಲ್ಲಿ ನೀಲಗಿರಿಯ ಪೈಕಾರಾದಿಂದ ವಿದ್ಯುತ್ತು ಇಳಿದು ಬಂದ ಮೇಲೆ ಗಿರಣಿಗಳು ಒಂದರ ಪಕ್ಕ ಒಂದು ಎದ್ದವು. ರಾತ್ರಿ ಪಾಳಿ ಮುಗಿಸಿ ಬರುವ ಕೆಲಸಗಾರ, ಹತ್ತಿಯ ದಳ್ಳಾಳಿ, ಕೋಣೆ ಹಿಡಿದು ಒಬ್ಬನೇ ಇರುವ ಗುಮಾಸ್ತ, ಎಲ್ಲರಿಗೂ ಮನೆಯ ಹೊರಗೆ ಒಂದು ತುತ್ತು ಬೇಕಾಯಿತು. ಅದೇ ಕಾಲಕ್ಕೆ ದಕ್ಷಿಣ ಕನ್ನಡದ ಬಡ ಮನೆಗಳ ಹುಡುಗರು ಸೌಟು ಹಿಡಿದು ದೇಶಾಂತರ ಹೊರಟಿದ್ದರು. ಕಡಂದಲೆಯ ಕೆ. ಕೃಷ್ಣರಾಯರು ಅಡಿಗೆಯ ಕೆಲಸದಿಂದ ಮೇಲೆ ಬಂದು ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕಥೆಯನ್ನು ಆ ಹುಡುಗರೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು. ನಮ್ಮ ಬೀದಿಯ ಹೋಟೆಲಿನ ಯಜಮಾನರೂ ಲೋಟ ತೊಳೆಯುವುದರಿಂದಲೇ ತೊಡಗಿದವರಂತೆ. ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದರು.

ನಮ್ಮದು ದೇವಾಂಗದ ಮನೆ. ತಂದೆಯವರಿಗೆ ನಾಲ್ಕು ಮಗ್ಗಗಳಿದ್ದವು. ಪೂರ್ವಿಕರು ಹಂಪೆಯ ಕಡೆಯಿಂದ ಬಂದವರೆಂದು ಮನೆಯಲ್ಲಿ ಹೇಳಿಕೆ. ಮಾತು ಕನ್ನಡ, ಆದರೆ ಎಂಥ ಕನ್ನಡ! ತಮಿಳಿನ ಬೇರಿಗೆ ಕನ್ನಡದ ಬಾಲ ಕಟ್ಟಿದ್ದು. ಓದು ಬರಹವೆಲ್ಲ ತಮಿಳು. ನಾವು ಕಲಿತ ಶಾಲೆಯಲ್ಲಿ ಕನ್ನಡವಿರಲಿಲ್ಲ, ಬೇಕೆಂದು ಕೇಳಿದವರೂ ಇರಲಿಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಅದು ಮೈಸೂರಿಗೆ ಸೇರಿದ ಮೇಲೆ ಕಚೇರಿ ಕೆಲಸಕ್ಕೆಂದು ಬರುತ್ತಿದ್ದ ಕನ್ನಡಿಗರೂ ಕಡಿಮೆಯಾದರೆಂದು ತಂದೆಯವರು ಹೇಳುತ್ತಿದ್ದರು. ಉಳಿದದ್ದು ರಾಜಬೀದಿಯ ಚೌಡೇಶ್ವರಿ ಗುಡಿ ಮತ್ತು ಈ ಹೋಟೆಲು. ವಿಜಯದಶಮಿಯಂದು ಅಮ್ಮನವರ ಮುಂದೆ ಕತ್ತಿ ಸೇವೆ ಮಾಡಿ, ಎದೆಯ ಗಾಯಕ್ಕೆ ಅರಿಸಿನ ಬಳಿದುಕೊಂಡ ತರುಣರು ಸಂಜೆ ಅಲ್ಲಿಯೇ ಗುಂಪಾಗಿ ಕುಳಿತು ಕಾಫಿ ಕುಡಿಯುತ್ತಿದ್ದರು. ರಾಯರು ಮುಖ ಸಿಂಡರಿಸುತ್ತಿದ್ದರು, ಕಾಫಿಗೆ ಹಣ ಮಾತ್ರ ತೆಗೆದುಕೊಳ್ಳುತ್ತಿರಲಿಲ್ಲ.

ವಾರಕ್ಕೊಮ್ಮೆ ಸೀರೆಗಳ ಗಂಟನ್ನು ವ್ಯಾಪಾರಿಗೆ ಒಪ್ಪಿಸಿ ತಂದೆಯವರು ನಮ್ಮ ಕೈಹಿಡಿದು ಹೋಟೆಲಿಗೆ ಬರುತ್ತಿದ್ದರು. "ಬನ್ನಿ ಚೆಟ್ಟಿಯಾರೇ, ನಿಮ್ಮ ಹಂಪೆಯ ಕನ್ನಡ ಕೇಳಿ ಒಂದು ವಾರವಾಯಿತು" ಎಂದು ರಾಯರ ಸ್ವಾಗತ. "ನಮ್ಮದು ಹಂಪೆಯದು ರಾಯರೇ, ನಿಮ್ಮದು ಪುಸ್ತಕದ್ದು" ಎಂದು ತಂದೆಯವರ ಉತ್ತರ. ವ್ಯಾಪಾರಿ ಕೂಲಿ ಮುರಿದುಕೊಂಡ ದಿನ ಈ ಮಾತು ಇರುತ್ತಿರಲಿಲ್ಲ. ರಾಯರು ಮುಖ ನೋಡಿಯೇ ತಿಳಿದುಕೊಂಡು ಲೆಕ್ಕದ ಪುಸ್ತಕ ತೆರೆಯುತ್ತಿದ್ದರು. 'ಸಾಲ ಕೇಳಬೇಡಿ' ಎಂಬ ಹಲಗೆಯ ಕೆಳಗೆ ಕುಳಿತೇ ಅವರು ಸಾಲ ಬರೆಯುತ್ತಿದ್ದುದು.

ಗಲ್ಲೆಯ ಪಕ್ಕದ ಬೆಂಚಿನ ಮೇಲೆ ಕನ್ನಡ ಪತ್ರಿಕೆಗಳಿರುತ್ತಿದ್ದವು. ಮೈಸೂರಿನಿಂದ ದಿಂಬಂ ಘಾಟಿಯಿಳಿದು ಬರುವ ಬಸ್ಸಿನಲ್ಲಿ ಒಂದು ದಿನ ತಡವಾಗಿ ಬರುವ ಪ್ರಜಾವಾಣಿ, ತಿಂಗಳಿಗೊಮ್ಮೆ ಕಸ್ತೂರಿ, ಮದ್ರಾಸಿನ ವಡಪಳನಿಯಲ್ಲಿ ಅಚ್ಚಾಗುತ್ತಿದ್ದ ಕನ್ನಡ ಚಂದಮಾಮ. ಚಂದಮಾಮದ ಚಿತ್ರಗಳನ್ನು ನೋಡುವುದಷ್ಟೇ ನಮಗೆ ಸಾಧ್ಯವಿತ್ತು. ತಂದೆಯವರೂ ಓದಲಾರರು. ಆಗ ಮೇಜು ಒರೆಸುವ ಹುಡುಗನೊಬ್ಬನಿದ್ದ. ನಮಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು, ಹನ್ನೊಂದೋ ಹನ್ನೆರಡೋ. ಉಡುಪಿಯ ಕಡೆಯವನು, ನಾಲ್ಕನೆಯ ತರಗತಿಯವರೆಗೆ ಓದಿದ್ದ. ನಾವು ವಿಕ್ರಮ ಬೇತಾಳರ ಚಿತ್ರವನ್ನೇ ದಿಟ್ಟಿಸುವುದನ್ನು ಕಂಡು ಒಂದು ದಿನ, "ಓದಲಿಕ್ಕೆ ಬರುವುದಿಲ್ಲವೋ?" ಎಂದು ಕೇಳಿದ. ಇಲ್ಲವೆಂದೆವು. ಒದ್ದೆ ಬೆರಳಿನಿಂದ ಅಮೃತಶಿಲೆಯ ಮೇಜಿನ ಮೇಲೆ 'ಅ' ಎಂದು ಬರೆದ.

ಪಾಠ ನಡೆದದ್ದು ಹೀಗೆ: ತಂದೆಯವರೂ ರಾಯರೂ ಮಾತಿನಲ್ಲಿರುವಾಗ ಅವನು ನಮ್ಮ ಮೇಜನ್ನು ಬಟ್ಟೆಯಿಂದ ಒರೆಸುವಂತೆ ನಟಿಸುತ್ತ ಎರಡು ಅಕ್ಷರ ಬರೆಯುವನು, ಒಣಗುವುದರೊಳಗೆ ನಾವು ಅದರ ಮೇಲೆ ತಿದ್ದಬೇಕು. ಬೇಸಿಗೆಯಲ್ಲಿ ಅಕ್ಷರಗಳು ಬೇಗ ಆರುತ್ತಿದ್ದುದರಿಂದ ನಾವು ಬೇಗ ಕಲಿತೆವೆಂದು ತೋರುತ್ತದೆ. ಒತ್ತಕ್ಷರಗಳು ಬರುವ ಹೊತ್ತಿಗೆ ಒಂದು ವರ್ಷವಾಗಿತ್ತು. 'ಸುಧಾ' ಹೊಸದಾಗಿ ಹೊರಟ 1965ರಲ್ಲಿ ಅದರ ಒಂದು ಪುಟವನ್ನು ತಂದೆಯವರಿಗೆ ಗಟ್ಟಿಯಾಗಿ ಓದಿ ಹೇಳಿದೆವು. ಅವರು ಲೋಟವನ್ನು ಕೆಳಗಿಟ್ಟು, "ಯಾರು ಕಲಿಸಿದರು?" ಎಂದರು. ನಾವು ಕೈ ತೋರಿಸಿದೆವು. ಹುಡುಗ ಲೋಟಗಳ ತಟ್ಟೆಯನ್ನು ಹೊತ್ತು ಒಳಗೆ ಹೋಗಿಬಿಟ್ಟ.

ಹೆಸರು ಬರೆಯದಿರಲು ಕಾರಣವಾದ ಸಂಗತಿ ಇದು. ಆ ವರ್ಷದ ಮಳೆಗಾಲದಲ್ಲಿ ಅವನ ಕೈಯಿಂದ ಗಾಜಿನ ಲೋಟಗಳ ತಟ್ಟೆ ಜಾರಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಮೇಲ್ವಿಚಾರಕನು ಗಿರಾಕಿಗಳೆದುರಿಗೇ ಅವನನ್ನು ಹೊಡೆದ. ಒಡೆದ ಲೋಟಗಳ ಬೆಲೆ ಸಂಬಳದಲ್ಲಿ ಮುರಿಯುವುದೆಂದು ಸಾರಿದ. ರಾಯರು ಗಲ್ಲೆಯಿಂದ ತಲೆಯೆತ್ತಿ ನೋಡಿ ಮತ್ತೆ ಚಿಲ್ಲರೆ ಎಣಿಸತೊಡಗಿದರು. ತಂದೆಯವರು ಏನೂ ಹೇಳಲಿಲ್ಲ. ನಾವೂ ಹೇಳಲಿಲ್ಲ. ಮುಂದಿನ ವಾರ ಹುಡುಗನಿರಲಿಲ್ಲ. ಕೇಳಿದಾಗ, "ಯಾವ ಮಾಣಿ?" ಎಂದು ಬಡಿಸುವವನು ಮರುಪ್ರಶ್ನೆ ಹಾಕಿದ. ಅಲ್ಲಿ ಎಲ್ಲ ಹುಡುಗರೂ ಮಾಣಿಗಳೇ. ಎರಡು ವರ್ಷ ಅಕ್ಷರ ಕಲಿಸಿದವನ ಹೆಸರನ್ನು ನಾವು ಒಮ್ಮೆಯೂ ಕೇಳಿರಲಿಲ್ಲವೆಂಬುದು ಆಗ ತಿಳಿಯಿತು.

ಹಳೆಯ ಹೋಟೆಲುಗಳ ಬಗ್ಗೆ ಈಚೆಗೆ ಎಲ್ಲರೂ ಕಣ್ಣು ಒದ್ದೆಮಾಡಿಕೊಂಡು ಮಾತನಾಡುವುದನ್ನು ಕೇಳುತ್ತೇವೆ. ಮದ್ರಾಸಿನಲ್ಲಿ 1962ರಲ್ಲಿ ತೆರೆದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 2008ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಇಂಡಿಯನ್ ಕಾಫಿ ಹೌಸ್ 2009ರಲ್ಲಿ ಆ ಸ್ಥಳ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು. ನಮಗೂ ವ್ಯಸನವಾಗದೆ ಇಲ್ಲ. ಆದರೆ ನಮ್ಮ ಹೋಟೆಲಿನ ನೆಲದಲ್ಲಿ ಸಾಲಾಗಿ ನಾಲ್ಕು ತೂತುಗಳಿದ್ದುದೂ ನೆನಪಿದೆ. ಅಲ್ಲಿ ಹಿಂದೆ ಒಂದು ಮರದ ಅಡ್ಡಗೋಡೆ ಇತ್ತಂತೆ. ಆಚೆಗೆ ಬ್ರಾಹ್ಮಣರು, ಈಚೆಗೆ ಉಳಿದವರು. ತಾತನವರು ಹೆಗಲ ಮೇಲೆ ಜನಿವಾರವಿದ್ದರೂ ಈಚೆಗೇ ಕುಳಿತವರು. ಇನ್ನು ಕೆಲವರಿಗೆ ಎರಡು ಮೆಟ್ಟಿಲನ್ನು ಹತ್ತುವುದಕ್ಕೂ ಅವಕಾಶವಿರಲಿಲ್ಲ. 1950ರ ಸಂವಿಧಾನವು ಹೋಟೆಲಿನ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂದಿತು, 1955ರಲ್ಲಿ ಅಸ್ಪೃಶ್ಯತೆಯನ್ನು ಅಪರಾಧವೆಂದು ಶಿಕ್ಷಿಸುವ ಕಾಯಿದೆಯೂ ಬಂದಿತು. ಆದರೂ 1957ರಲ್ಲಿ ಪೆರಿಯಾರರ ಅನುಯಾಯಿಗಳು ಹೋಟೆಲಿನ ಹಲಗೆಯಲ್ಲಿ ಬ್ರಾಹ್ಮಣರೆಂಬ ಮಾತು ಇರಕೂಡದೆಂದು ಮದ್ರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಚಳವಳಿ ಹೂಡಬೇಕಾಯಿತು. ಅಡ್ಡಗೋಡೆ ಹೋಗಿತ್ತು, ನೆಲದ ತೂತುಗಳಿಗೆ ಸಿಮೆಂಟು ಮೆತ್ತಲು ಕಡೆಯವರೆಗೂ ಯಾರಿಗೂ ತೋಚಲಿಲ್ಲ.

ಹೋಟೆಲು ಮುಚ್ಚಿದ್ದಕ್ಕೆ ದೊಡ್ಡ ದುರಂತವೇನೂ ಕಾರಣವಲ್ಲ. ಒಪ್ಪಣಕ್ಕಾರ ಬೀದಿಯಲ್ಲಿ ಒಂದು ಕಾಫಿಗೆ ಒಂದು ಗಂಟೆ ಕುಳಿತುಕೊಳ್ಳುವ ಗಿರಾಕಿಯಿಂದ ಆ ನೆಲದ ಬಾಡಿಗೆ ಹುಟ್ಟುವುದಿಲ್ಲ. ನಿಂತು ತಿಂದು ಹೋಗುವ ಪದ್ಧತಿ ಬೆಂಗಳೂರಿನಲ್ಲಿ ದರ್ಶಿನಿಗಳ ಹೆಸರಿನಲ್ಲಿ 1980ರ ದಶಕದಲ್ಲಿ ಹಬ್ಬಿತು, ಇಲ್ಲಿಗೂ ಬಂದಿತು. ಊರಿನವರೇ ಕಟ್ಟಿದ ಅನ್ನಪೂರ್ಣದಂಥ ಹೋಟೆಲುಗಳು ಶಾಖೆಯ ಮೇಲೆ ಶಾಖೆ ತೆರೆದು ಬೆಳೆದವು. ಅವುಗಳ ಸಾಂಬಾರಿನ ರುಚಿಯನ್ನು ಅಲ್ಲಗಳೆಯುವ ಧೈರ್ಯ ನಮಗಿಲ್ಲ. ಇದಕ್ಕಿಂತ ಹೆಚ್ಚಾಗಿ, ಊರಿನಿಂದ ಹುಡುಗರು ಬರುವುದು ನಿಂತಿತು. 1974ರ ಭೂಸುಧಾರಣೆಯಿಂದ ಕರ್ನಾಟಕದ ಗೇಣಿದಾರರು ಭೂಮಿಯ ಒಡೆಯರಾದರು. ಮಕ್ಕಳು ಶಾಲೆಗೆ ಹೋದರು, ಕಾಲೇಜಿಗೆ ಹೋದರು, ಕೊಲ್ಲಿ ದೇಶಗಳಿಗೆ ಹೋದರು. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದೆಂಬ ಆಜ್ಞೆ 2006ರಲ್ಲಿ ಬರುವ ಹೊತ್ತಿಗೆ ಉಡುಪಿಯ ಮನೆಗಳಿಂದ ಕಳಿಸಲು ಯಾರೂ ಉಳಿದಿರಲಿಲ್ಲ.

ಕಡೆಯ ವಾರ ನಾವು ರಾಯರನ್ನು ನೋಡಲು ಹೋಗಿದ್ದೆವು. ಮಗ ಬೆಂಗಳೂರಿನಲ್ಲಿ ಇಂಜಿನಿಯರು, ಮಗಳು ವೈದ್ಯೆ. "ಅವನನ್ನು ಗಲ್ಲೆಯಲ್ಲಿ ಕೂರಿಸುವುದಕ್ಕೆ ನಾನು ಐವತ್ತು ವರ್ಷ ಹೊಗೆ ಕುಡಿದದ್ದಲ್ಲ" ಎಂದರು. ಆ ಮಾತಿನಲ್ಲಿ ದುಃಖವಿರಲಿಲ್ಲ. ನಾವೂ ನಮ್ಮ ಮಗನನ್ನು ಮಗ್ಗದಲ್ಲಿ ಕೂರಿಸಲಿಲ್ಲವಷ್ಟೆ. ಹೊರಡುವಾಗ ಆ ಹುಡುಗನ ಹೆಸರನ್ನು ಕೇಳಿದೆವು. ಬಹಳ ಹೊತ್ತು ಯೋಚಿಸಿದರು. "ಎಷ್ಟು ಜನ ಬಂದರು, ಎಷ್ಟು ಜನ ಹೋದರು" ಎಂದರು. ಲೆಕ್ಕದ ಹಳೆಯ ಪುಸ್ತಕಗಳನ್ನು ಆ ವೇಳೆಗೆ ರದ್ದಿಗೆ ಹಾಕಿಯಾಗಿತ್ತು. ಅದರಲ್ಲಿ ತಂದೆಯವರ ಸಾಲವೂ ಹೋಯಿತು.

ಈಗ ನಾವು ಮಗಳ ಮನೆಯಲ್ಲಿ ತಿರುಪ್ಪೂರಿನಲ್ಲಿದ್ದೇವೆ. 2009ರಲ್ಲಿ ಇದು ಬೇರೆ ಜಿಲ್ಲೆಯಾಯಿತು. ಬನಿಯನ್ ಕಾರ್ಖಾನೆಗಳ ಊರು. ಒಡಿಶಾ, ಬಿಹಾರಗಳಿಂದ ಬಂದ ಸಾವಿರಾರು ಮಂದಿ ಇಲ್ಲಿ ದುಡಿಯುತ್ತಾರೆ. ಮನೆಯ ಹಿಂದಿನ ಓಣಿಯಲ್ಲಿ ಅವರಿಗೆಂದೇ ಒಂದು ಸಣ್ಣ ಊಟದ ಅಂಗಡಿಯಿದೆ. ಹಲಗೆಯ ಮೇಲಿನ ದುಂಡು ಅಕ್ಷರಗಳು ಒಡಿಯಾ ಎಂದು ಅಳಿಯ ಹೇಳಿದರು. ಸಂಜೆ ಆರು ಗಂಟೆಗೆ ಪಾಳಿ ಬಿಟ್ಟವರು ಅಲ್ಲಿ ಕುಳಿತು ಗಟ್ಟಿಯಾಗಿ ತಮ್ಮ ಭಾಷೆಯಲ್ಲಿ ಮಾತನಾಡುತ್ತಾರೆ. ಅಷ್ಟು ಗಟ್ಟಿಯಾಗಿ ಏಕೆ ಮಾತನಾಡುತ್ತಾರೆಂದು ನೆರೆಯವರ ಆಕ್ಷೇಪವಿದೆ. ನಾವು ಕಳೆದ ತಿಂಗಳು ಹೋಗಿ ಕುಳಿತೆವು. ಕಾಫಿ ಇರಲಿಲ್ಲ, ಚಹಾ ಇತ್ತು. ಇಪ್ಪತ್ತರ ಆಸುಪಾಸಿನ ಯುವಕನೊಬ್ಬ ಮೇಜನ್ನು ಒರೆಸಿ ಲೋಟವನ್ನು ತಂದಿಟ್ಟ. ಅವನ ಹೆಸರನ್ನು ಕೇಳಿದೆವು. ಮೊದಲು ಗಾಬರಿಯಾದ, ಏನೋ ತಪ್ಪಾಯಿತೆಂದು ಭಾವಿಸಿರಬೇಕು. ಆಮೇಲೆ ಹೇಳಿದ. ನಮಗೆ ಸರಿಯಾಗಿ ಕೇಳಿಸಲಿಲ್ಲವಾಗಿ, ಇನ್ನೊಮ್ಮೆ ಹೇಳೆಂದೆವು.