ಒಬ್ಬರಿಗಾಗುವಷ್ಟು ಚಿತ್ರಾನ್ನ

ಟೋಕಿಯೊದಲ್ಲಿ ಅದು ನನ್ನ ಮೊದಲ ವಸಂತ. ಏಪ್ರಿಲ್ ಮೊದಲ ವಾರದ ಭಾನುವಾರ ನಮ್ಮ ಪ್ರಯೋಗಾಲಯದ ಎಂಟು ಜನ ಅಸುಕಾಯಾಮಾ ಉದ್ಯಾನಕ್ಕೆ ಹನಾಮಿಗೆ, ಅಂದರೆ ಚೆರ್ರಿ ಹೂ ನೋಡಲು ಹೋದೆವು. ಕಿರಿಯರಿಬ್ಬರು ಬೆಳಗ್ಗೆಯೇ ನೀಲಿ ಟಾರ್ಪಾಲು ಹಾಸಿ ಜಾಗ ಹಿಡಿದಿದ್ದರು. 1720ರ ಹೊತ್ತಿಗೆ ಶೋಗುನ್ ತೊಕುಗಾವಾ ಯೊಶಿಮುನೆ ಈ ಗುಡ್ಡದ ಮೇಲೆ ಚೆರ್ರಿ ಗಿಡಗಳನ್ನು ನೆಡಿಸಿದ. ಮುಂದೆ ಜನಸಾಮಾನ್ಯರು ಇಲ್ಲಿ ಬಂದು ಉಂಡು, ಕುಡಿದು, ಹಾಡತೊಡಗಿದರು.

ನನಗೆ ಹೂವಿಗಿಂತ ಊಟದ್ದೇ ಚಿಂತೆ. ನಾನು ಸಸ್ಯಾಹಾರಿ. ಜಪಾನಿನಲ್ಲಿ ತರಕಾರಿ ಬೇಯಿಸುವ ನೀರಿನಲ್ಲೂ ಒಣಮೀನಿನ ಸಾರ ಇರಬಹುದು. ಪ್ರತಿ ತಟ್ಟೆಗೂ 'ಇದರಲ್ಲಿ ಮೀನಿದೆಯೇ' ಎಂದು ಕೇಳಿ ಕೇಳಿ ಬೇಸತ್ತು, ನನ್ನೊಬ್ಬನಿಗೆ ಆಗುವಷ್ಟು ಚಿತ್ರಾನ್ನ ಕಲಸಿ ಡಬ್ಬಿಯನ್ನು ಚೀಲದ ತಳದಲ್ಲಿಟ್ಟುಕೊಂಡಿದ್ದೆ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಸಹೋದ್ಯೋಗಿ ಬಟ್ಟೆಯ ಗಂಟು ಬಿಚ್ಚಿದರು. ಒಳಗೆ ಜೂಬಾಕೊ: ಒಂದರ ಮೇಲೊಂದು ಕೂರುವ ಮೂರು ಅರಗಿನ ಪೆಟ್ಟಿಗೆಗಳು. ಮೊದಲನೆಯದರಲ್ಲಿ ಮೊಟ್ಟೆಯ ಸುರುಳಿ, ಮೀನು. ಎರಡನೆಯದರಲ್ಲಿ ಗುಲಾಬಿ, ಬಿಳಿ, ಹಸಿರು ದಾಂಗೊ ಉಂಡೆಗಳು. ಮೂರನೆಯದನ್ನು ಅವರು ನನ್ನ ಕಡೆ ತಿರುಗಿಸಿಟ್ಟರು. ಕರಿದ ತೋಫುವಿನ ಚೀಲದಲ್ಲಿ ಅನ್ನ ತುಂಬಿದ ಇನಾರಿಜೂಶಿ. "ಮೀನು ಹಾಕಿಲ್ಲ. ಬರೀ ಕೊಂಬು ಕಡಲಕಳೆಯ ಸಾರದಲ್ಲಿ ಬೇಯಿಸಿದ್ದೇನೆ" ಎಂದರು. ನಾನು ಕೇಳಿರಲೇ ಇಲ್ಲ.

ಚೀಲದೊಳಗಿನ ಡಬ್ಬಿ ಆ ಕ್ಷಣ ಭಾರವಾಯಿತು. ಅವರು ನನ್ನನ್ನು ನೆನೆದು ಒಂದು ಪೆಟ್ಟಿಗೆ ತುಂಬಿದ್ದರು. ನಾನು ಯಾರನ್ನೂ ನೆನೆಯದೆ ಒಂದು ಡಬ್ಬಿ ತುಂಬಿದ್ದೆ. ಹೊರಗೆ ತೆಗೆದರೆ ಸಣ್ಣವನಾಗುತ್ತೇನೆ, ತೆಗೆಯದಿದ್ದರೆ ಇನ್ನೂ ಸಣ್ಣವನು. ಕೊನೆಗೆ ತೆಗೆದೆ. ಮುಚ್ಚಳ ಬಿಚ್ಚಿದ್ದೇ ಇಂಗು, ಕರಿಬೇವಿನ ಘಮ ಗಾಳಿಗೇರಿತು.

ಹಳದಿ ಕಂಡು ಒಬ್ಬ ನಕ್ಕ. "ನಾಗಾಯಾ ನೊ ಹನಾಮಿ" ಎಂಬ ಹಳೆಯ ರಾಕುಗೊ ಹಾಸ್ಯಕಥೆ ಹೇಳಿದ. ಬಡ ಬಾಡಿಗೆದಾರರು ಮನೆ ಮಾಲೀಕನ ಜೊತೆ ಹೂ ನೋಡಲು ಹೋಗುತ್ತಾರೆ. ಸಾಕೆ ಎಂದು ನೀರುಚಹಾ ಕುಡಿಯುತ್ತಾರೆ, ಹಳದಿ ಮೂಲಂಗಿ ಉಪ್ಪಿನಕಾಯಿಯನ್ನು ಮೊಟ್ಟೆಯ ಸುರುಳಿ ಎಂದು ಕಚ್ಚುತ್ತಾರೆ. ಕಚ್ಚಿದಾಗ ಕರಕರ ಸದ್ದು ಬರಬಾರದು, ಗುಟ್ಟು ಬಯಲಾಗುತ್ತದೆ! "ಇದೂ ಮೊಟ್ಟೆಯೇ ತಾನೇ?" ಎಂದು ಅವನು ಚಿತ್ರಾನ್ನ ಬಾಯಿಗಿಟ್ಟ. ಕಡಲೆಬೀಜ ಕರಕರ ಎಂದಿತು. ಎಲ್ಲರೂ ನಕ್ಕರು.

ಎಂಟು ಜನಕ್ಕೆ ತಲಾ ಎರಡು ಚಮಚ ಬಂತು. ಹಿರಿಯರು ತಮ್ಮ ಪಾಲು ಮುಗಿಸಿ, ತಟ್ಟೆಯಲ್ಲಿ ಉಳಿದ ಕರಿಬೇವಿನ ಎಲೆಯನ್ನು ಮೂಸಿ ನೋಡಿ, ಅದನ್ನೂ ತಿಂದರು.

ಮರುವರ್ಷ ನಾನು ದೊಡ್ಡ ಪಾತ್ರೆಯಲ್ಲಿ ಕಲಸಿದೆ.