ಭಾನುವಾರ ರಜೆ ಹಾಕುವ ಮೈದಾನ

ನಾನು ಗಾಲ್ಫ್ ಆಡಲ್ಲ. ಆದರೂ ಆಫೀಸ್ ಕೆಲಸಕ್ಕೆಂದು ಆರು ತಿಂಗಳು ಎಡಿನ್‌ಬರೋದಲ್ಲಿ ಇದ್ದು ಸೇಂಟ್ ಆಂಡ್ರೂಸ್ ನೋಡದೆ ಬರೋದು ಹೇಗೆ? ಮಾರ್ಚ್ ತಿಂಗಳ ಒಂದು ಶನಿವಾರ ರೈಲು ಹತ್ತಿದೆ. ಲೂಕರ್ಸ್‌ನಲ್ಲಿ ಇಳಿದು ಬಸ್ ಹಿಡಿದರೆ ಊರು ಹತ್ತಿರವೇ. ಬೆನ್ನಮೇಲೆ ಬ್ಯಾಗು, ಅದರೊಳಗೆ ಎಂದಿನಂತೆ ಲ್ಯಾಪ್‌ಟಾಪ್.

ಓಲ್ಡ್ ಕೋರ್ಸ್ ಅಂದ್ರೆ ಕಣ್ಣು ಕುಕ್ಕುವ ಹಸಿರು ಅಂದುಕೊಂಡಿದ್ದೆ. ಕಂಡದ್ದು ಮಾಸಿದ ಹಳದಿ ಹುಲ್ಲು. ಮಣ್ಣು ಬೆಚ್ಚಗಾಗದೆ ಹುಲ್ಲು ಮೇಲೇಳುವುದಿಲ್ಲ, ಕಡಲ ದಂಡೆಯ ಈ ಊರಿಗೆ ವಸಂತ ತಡವಾಗಿಯೇ ಬರುತ್ತದೆ. ಆಟಗಾರರು ಕೈಯಲ್ಲಿ ಚಾಪೆಯಂಥ ಪುಟ್ಟ ತುಂಡೊಂದನ್ನು ಹಿಡಿದು ಓಡಾಡ್ತಿದ್ರು. ಫೇರ್‌ವೇಯಲ್ಲಿ ಚೆಂಡು ಬಿದ್ದರೆ ಅದನ್ನೆತ್ತಿ ಆ ಮ್ಯಾಟ್ ಮೇಲಿಟ್ಟೇ ಹೊಡೀಬೇಕು. ನವೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ ಇದೇ ನಿಯಮ. ಚಳಿಯಲ್ಲಿ ಹೊಡೆತಕ್ಕೆ ಕಿತ್ತುಬಂದ ಹುಲ್ಲು ಬೇಗ ಕೂಡಿಕೊಳ್ಳುವುದಿಲ್ಲವಲ್ಲ!

ಈ ಮೈದಾನವನ್ನು 1860ರ ದಶಕದಿಂದ 1903ರವರೆಗೆ ನೋಡಿಕೊಂಡವರು ಓಲ್ಡ್ ಟಾಮ್ ಮಾರಿಸ್. ಗ್ರೀನ್‌ಗಳ ಮೇಲೆ ಮರಳು ಹರಡುವ ಪದ್ಧತಿಗೆ ಅವರದೇ ಹೆಸರು. ಒಮ್ಮೆ ಕೈಗಾಡಿಯಿಂದ ಮರಳು ಆಕಸ್ಮಿಕವಾಗಿ ಚೆಲ್ಲಿತಂತೆ, ಅಲ್ಲೇ ಹುಲ್ಲು ಸೊಂಪಾಗಿ ಬಂತಂತೆ. ಇಂದಿಗೂ ಗಾಲ್ಫ್ ಮೈದಾನಗಳಲ್ಲಿ ನೆಲಕ್ಕೆ ಸಣ್ಣ ಸಣ್ಣ ತೂತು ಕೊರೆದು ಗಾಳಿ ಆಡಿಸ್ತಾರೆ, ಮರಳು ತುಂಬ್ತಾರೆ. ಆಗ ಚೆಂಡು ಸರಿಯಾಗಿ ಉರುಳಲ್ಲ ಅಂತ ಆಡುವವರು ಗೊಣಗ್ತಾರೆ. ಆದರೆ ಬೇಸಿಗೆಯ ನುಣುಪು ಹುಟ್ಟೋದೇ ಈ ತೂತುಗಳಿಂದ.

ಭಾನುವಾರ ಬೆಳಿಗ್ಗೆ ಮತ್ತೆ ಹೋದೆ. ಒಬ್ಬ ಆಟಗಾರನೂ ಇಲ್ಲ! ದೊಡ್ಡ ಪಂದ್ಯಾವಳಿಗಳನ್ನು ಬಿಟ್ಟರೆ ಓಲ್ಡ್ ಕೋರ್ಸ್‌ಗೆ ಭಾನುವಾರ ರಜೆ. ಆಡುವವರಿಗೆ ಬೇಡದಿದ್ದರೂ ನೆಲಕ್ಕೆ ವಿಶ್ರಾಂತಿ ಬೇಕು ಅನ್ನೋದು ಓಲ್ಡ್ ಟಾಮ್ ವಾದವಾಗಿತ್ತಂತೆ. ಅವತ್ತು ಮೈದಾನ ಊರಿನ ಪಾರ್ಕ್. ನಾಯಿ ಹಿಡಿದ ಅಜ್ಜಂದಿರು, ಮಗುವಿನ ಗಾಡಿ ತಳ್ಳುವ ಅಮ್ಮಂದಿರು. ಸ್ವಿಲ್ಕನ್ ಸೇತುವೆಯ ಮೇಲೆ ನಾನೂ ನಿಂತು ಫೋಟೋ ತೆಗೆಸಿಕೊಂಡೆ, ಬಿಟ್ಟಿಯಾಗಿ.

ಅಲ್ಲಿಂದಲೇ ತೀರ್ಥಹಳ್ಳಿಯ ಮನೆಗೆ ವಿಡಿಯೋ ಕಾಲ್ ಮಾಡಿದೆ. ಮರಳಿನ ಕಥೆ ಕೇಳಿ ಅಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ.

"ನಾವು ಅಡಿಕೆ ತೋಟಕ್ಕೆ ಹೊಸ ಮಣ್ಣು ಹಾಕಲ್ವೇನೋ? ಹಂಗೇ ಅದೂ."

ಭಾನುವಾರದ ರಜೆಯ ವಿಷಯ ಹೇಳಿದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು:

"ಆ ನೆಲಕ್ಕೂ ವಾರಕ್ಕೊಂದು ರಜ ಇದೆ. ನಿಂಗೆ? ಬೆನ್ನಮೇಲೆ ಅದೇನೋ ಅದು, ಲ್ಯಾಪ್‌ಟಾಪಾ?"

ಉತ್ತರ ಹೊಳೆಯಲಿಲ್ಲ. ಸೋಮವಾರಕ್ಕೆ ಕೊಡಬೇಕಾದ ಕೆಲಸ ಬಾಕಿಯಿತ್ತು, ವಾಪಸ್ ರೈಲಿನಲ್ಲಿ ಮುಗಿಸೋಣ ಅಂದುಕೊಂಡಿದ್ದೆ. ರೈಲಿನಲ್ಲಿ ಬ್ಯಾಗಿನ ಜಿಪ್ಪಿಗೆ ಕೈ ಹೋಯಿತು. ತೆಗೆಯಲಿಲ್ಲ. ಎಡಿನ್‌ಬರೋ ಬರುವವರೆಗೆ ಕಿಟಕಿಯಾಚೆ ಕಡಲನ್ನೇ ನೋಡುತ್ತಾ ಕೂತೆ.